ಕೆಟ್ಟ ಸುದ್ದಿ ಗಡಿ ದಾಟುವ ವೇಗ: ಸಮಾನ ಗುರಿ ಮತ್ತು ತಂಡಗಳ ಹೊಂದಾಣಿಕೆ ಕುರಿತು ಒಂದು ಟಿಪ್ಪಣಿ

ಕಂಪನಿಯೊಂದರ ಬೇರೆ ಬೇರೆ ವಿಭಾಗಗಳು ಜೊತೆಯಾಗಿ ನಡೆಯದೆ ಕೆಲಸ ಕೆಟ್ಟಾಗ, ಎಲ್ಲರ ಗುರಿ ಒಂದಾಗಿರಲಿಲ್ಲ ಎಂಬ ತೀರ್ಮಾನಕ್ಕೆ ಬರುವುದು ರೂಢಿ. ನಿರ್ವಹಣಾ ಶಾಸ್ತ್ರದ ಪಠ್ಯಗಳು ಹಾಗೆ ಹೇಳುತ್ತವೆ, ಸಲಹೆಗಾರರೂ ಹಾಗೆಯೇ ಹೇಳುತ್ತಾರೆ. ಪರಿಹಾರವಾಗಿ ಗುರಿಯನ್ನು ಒಂದು ವಾಕ್ಯದಲ್ಲಿ ಬರೆದು ಗೋಡೆಗೆ ಹಾಕಲಾಗುತ್ತದೆ. ವಿಮಾನ ತಯಾರಿಕೆಯ ಮೂರು ಯೋಜನೆಗಳನ್ನೂ ಒಂದು ಕಾರು ಕಂಪನಿಯ ಕಥೆಯನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದರೆ ಈ ವಿವರಣೆ ನಿಲ್ಲುವುದಿಲ್ಲ ಎಂಬುದು ಈ ಟಿಪ್ಪಣಿಯ ವಾದ. ನಾಲ್ಕೂ ಕಡೆ ಗುರಿ ಏನೆಂಬುದು ಎಲ್ಲರಿಗೂ ಗೊತ್ತಿತ್ತು, ಬಹುತೇಕರು ಅದನ್ನು ಮನಸಾರೆ ಒಪ್ಪಿಯೂ ಇದ್ದರು. ಗೆದ್ದವರನ್ನೂ ಸೋತವರನ್ನೂ ಬೇರೆ ಮಾಡಿದ್ದು ಇನ್ನೊಂದು ಸಂಗತಿ: ಒಂದು ತಂಡಕ್ಕೆ ಗೊತ್ತಾದ ಕೆಟ್ಟ ಸುದ್ದಿ ಪಕ್ಕದ ತಂಡಕ್ಕೆ ಎಷ್ಟು ಬೇಗ ತಲುಪಿತು ಎಂಬುದು.

ಏರ್‌ಬಸ್ ಎ380 ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2000ದ ಡಿಸೆಂಬರ್‌ನಲ್ಲಿ. ಉದ್ದಕ್ಕೂ ಎರಡು ಅಂತಸ್ತುಗಳಿರುವ, ಜಗತ್ತಿನಲ್ಲೇ ಅತಿ ದೊಡ್ಡ ಪ್ರಯಾಣಿಕ ವಿಮಾನ. ಅದರ ರೆಕ್ಕೆಗಳು ತಯಾರಾಗುತ್ತಿದ್ದುದು ಬ್ರಿಟನ್ನಿನ ಬ್ರಾಟನ್‌ನಲ್ಲಿ, ಮೂತಿಯ ಭಾಗ ಫ್ರಾನ್ಸಿನ ಸಾಂ ನಜೇರ್‌ನಲ್ಲಿ, ಒಡಲಿನ ಮುಂದಿನ ಮತ್ತು ಹಿಂದಿನ ತುಂಡುಗಳು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ, ಬಾಲದ ಭಾಗಗಳು ಸ್ಪೇನಿನಲ್ಲಿ. ಇವೆಲ್ಲ ಹಡಗಿನಲ್ಲಿ ಬೋರ್ಡೊ ಬಳಿಯ ಬಂದರಿಗೆ ಬಂದು, ಅಲ್ಲಿಂದ ಗರೋನ್ ನದಿಯಲ್ಲಿ ಬಾರ್ಜ್ ಹತ್ತಿ, ಕೊನೆಗೆ ರಾತ್ರಿ ಹೊತ್ತು ರಸ್ತೆ ಮೇಲೆ ಸಾಲುಗಟ್ಟಿ ತುಲೂಸ್ ಸೇರುತ್ತಿದ್ದವು. ಈ ಮೆರವಣಿಗೆಯನ್ನು ನೋಡಲು ಹಳ್ಳಿಯ ಜನ ದಾರಿಯ ಇಕ್ಕೆಲಗಳಲ್ಲಿ ನಿಲ್ಲುತ್ತಿದ್ದರು. ನಾಲ್ಕು ದೇಶಗಳ ಕಾರ್ಖಾನೆಗಳಿಗೆ ಇದಕ್ಕಿಂತ ಸ್ಪಷ್ಟವಾದ ಸಮಾನ ಗುರಿ ಬೇಕಿರಲಿಲ್ಲ. 2005ರ ಏಪ್ರಿಲ್ 27ರಂದು ಮೊದಲ ವಿಮಾನ ತುಲೂಸ್‌ನಿಂದ ಮೇಲೇರಿದಾಗ ಎಲ್ಲರೂ ಗೆದ್ದಂತೆಯೇ ಕಂಡಿತು.

ಸಮಸ್ಯೆ ಇದ್ದದ್ದು ವೈರಿಂಗ್‌ನಲ್ಲಿ. ಒಂದು ಎ380ರೊಳಗೆ ಸುಮಾರು 530 ಕಿಲೋಮೀಟರ್ ವೈರು ಇದೆ. ಬಿಡಿ ವೈರುಗಳು ಸುಮಾರು ಒಂದು ಲಕ್ಷ, ಕನೆಕ್ಟರ್‌ಗಳು 40,000ಕ್ಕೂ ಹೆಚ್ಚು. ವೈರುಗಳ ಕಟ್ಟುಗಳನ್ನು ಹ್ಯಾಂಬರ್ಗ್‌ನಲ್ಲಿ ಒಡಲಿನ ತುಂಡುಗಳೊಳಗೆ ಕೂರಿಸಿ ತುಲೂಸ್‌ಗೆ ಕಳಿಸುತ್ತಿದ್ದರು. ಅಲ್ಲಿ ತುಂಡುಗಳನ್ನು ಜೋಡಿಸುವಾಗ ವೈರುಗಳ ತುದಿಗಳೂ ಒಂದಕ್ಕೊಂದು ಸೇರಬೇಕು. ಹಲವು ಕಡೆ ಸೇರಲಿಲ್ಲ, ಏಕೆಂದರೆ ವೈರುಗಳು ಗಿಡ್ಡವಾಗಿದ್ದವು.

ಕಾರಣ ಹೇಳಲು ಸುಲಭವಾದದ್ದು, ಹಾಗಾಗಿಯೇ ಅದು ಎಲ್ಲ ಕಡೆ ಉಲ್ಲೇಖವಾಗುತ್ತದೆ. ವಿನ್ಯಾಸಕ್ಕೆ ಬಳಸುತ್ತಿದ್ದ ಕಟಿಯಾ ಎಂಬ ಸಾಫ್ಟ್‌ವೇರಿನ ಐದನೇ ಆವೃತ್ತಿ ಫ್ರಾನ್ಸಿನಲ್ಲಿ ಬಳಕೆಯಲ್ಲಿದ್ದರೆ ಹ್ಯಾಂಬರ್ಗ್‌ನಲ್ಲಿ ಇನ್ನೂ ನಾಲ್ಕನೆಯದು ನಡೆಯುತ್ತಿತ್ತು. ಹೆಸರು ಒಂದೇ ಆದರೂ ಒಳಗಿನ ರಚನೆ ಬೇರೆ. ಒಂದರಲ್ಲಿ ಮಾಡಿದ ಬದಲಾವಣೆ ಇನ್ನೊಂದಕ್ಕೆ ತಾನಾಗಿಯೇ ಹೋಗುತ್ತಿರಲಿಲ್ಲ. ತೂಕ ಉಳಿಸಲೆಂದು ತಾಮ್ರದ ಬದಲು ಅಲ್ಯುಮಿನಿಯಂ ವೈರುಗಳನ್ನು ಹೆಚ್ಚಾಗಿ ಆರಿಸಿದ್ದರು. ಅಲ್ಯುಮಿನಿಯಂ ತಾಮ್ರದಷ್ಟು ಬಿಗಿಯಾಗಿ ಬಾಗುವುದಿಲ್ಲ, ಅದಕ್ಕೆ ಅಗಲವಾದ ತಿರುವು ಬೇಕು. ತಿರುವು ಅಗಲವಾದರೆ ಉದ್ದವೂ ಹೆಚ್ಚಬೇಕು. ಜೊತೆಗೆ ಪ್ರತಿ ವಿಮಾನಯಾನ ಸಂಸ್ಥೆಯೂ ತನ್ನದೇ ರೀತಿಯ ಆಸನ, ಬೆಳಕು, ಮನರಂಜನಾ ಪರದೆ ಕೇಳುತ್ತಿದ್ದುದರಿಂದ ಒಂದು ವಿಮಾನದ ವೈರಿಂಗ್ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಹೀಗೆ ಪ್ರತಿದಿನವೂ ಬದಲಾಗುತ್ತಿದ್ದ ನಕ್ಷೆ ಎರಡು ಊರುಗಳಲ್ಲಿ ಎರಡು ಬಗೆಯಾಗಿ ಉಳಿಯಿತು.

ಹ್ಯಾಂಬರ್ಗ್‌ನ ನೂರಾರು ಕೆಲಸಗಾರರು ತುಲೂಸ್‌ಗೆ ಬಂದು ವೈರುಗಳನ್ನು ಕೈಯಿಂದ ಬಿಚ್ಚಿ ಮತ್ತೆ ಹಾಕತೊಡಗಿದರು. 2005ರ ಜೂನ್‌ನಲ್ಲಿ ಮೊದಲ ವಿಳಂಬ ಪ್ರಕಟವಾಯಿತು, 2006ರ ಜೂನ್‌ನಲ್ಲಿ ಎರಡನೆಯದು. ಮಾರನೆಯ ದಿನ, ಅಂದರೆ ಜೂನ್ 14ರಂದು, ಏರ್‌ಬಸ್‌ನ ಮಾತೃಸಂಸ್ಥೆ ಇಎಡಿಎಸ್‌ನ ಷೇರು ಬೆಲೆ ಶೇ. 26ರಷ್ಟು ಕುಸಿಯಿತು. ಅಕ್ಟೋಬರ್‌ನಲ್ಲಿ ಮೂರನೇ ವಿಳಂಬ. 2010ರವರೆಗಿನ ಲಾಭದಲ್ಲಿ 480 ಕೋಟಿ ಯೂರೊ ಕಡಿಮೆಯಾಗುತ್ತದೆಂದು ಕಂಪನಿಯೇ ಹೇಳಿತು. 2006ರ ಜುಲೈನಲ್ಲಿ ಏರ್‌ಬಸ್‌ನ ಮುಖ್ಯಸ್ಥರಾಗಿ ಬಂದ ಕ್ರಿಶ್ಚಿಯನ್ ಸ್ಟ್ರೈಫ್ ಸುಮಾರು ನೂರು ದಿನಗಳಲ್ಲೇ ರಾಜೀನಾಮೆ ಕೊಟ್ಟು ಹೋದರು. ಮೊದಲ ವಿಮಾನ ಸಿಂಗಪುರ್ ಏರ್‌ಲೈನ್ಸ್‌ಗೆ ಹಸ್ತಾಂತರವಾಗಿದ್ದು 2007ರ ಅಕ್ಟೋಬರ್ 15ರಂದು.

ಸಾಫ್ಟ್‌ವೇರಿನ ಕಥೆ ನಿಜ. ಆದರೆ ವೈರು ಗಿಡ್ಡವಾಗಿದೆ ಎಂಬುದು ಬರಿಗಣ್ಣಿಗೆ ಕಾಣುವ ಸಂಗತಿ. ತುಲೂಸ್‌ನ ಜೋಡಣಾ ಶೆಡ್ಡಿನಲ್ಲಿ ಅದನ್ನು ಕಂಡವರಿದ್ದರು, ಹ್ಯಾಂಬರ್ಗ್‌ನಲ್ಲೂ ನಕ್ಷೆ ತಾಳೆಯಾಗುತ್ತಿಲ್ಲವೆಂದು ತಿಳಿದವರಿದ್ದರು. ಹಾಗಿದ್ದೂ ಒಂದಾದ ಮೇಲೊಂದರಂತೆ ಮೂರು ಸಲ ವಿಳಂಬ ಘೋಷಿಸಬೇಕಾಯಿತು ಎಂದರೆ, ಸಮಸ್ಯೆಯ ಪೂರ್ತಿ ಗಾತ್ರ ಮೇಲಿನವರಿಗೆ ಕಂತುಕಂತಾಗಿ ತಲುಪಿತೆಂದೇ ಅರ್ಥ. ಇದನ್ನು ಅರಿಯಲು ಆ ಕಾಲದ ಆಡಳಿತ ರಚನೆಯನ್ನು ನೋಡಬೇಕು. 1970ರಿಂದ ಏರ್‌ಬಸ್ ರಾಷ್ಟ್ರೀಯ ಕಂಪನಿಗಳ ಒಕ್ಕೂಟವಾಗಿತ್ತು. ಒಂದೇ ಕಂಪನಿಯಾಗಿದ್ದು 2001ರಲ್ಲಷ್ಟೆ. ಇಎಡಿಎಸ್‌ಗೆ ಇಬ್ಬರು ಅಧ್ಯಕ್ಷರು, ಇಬ್ಬರು ಮುಖ್ಯ ಕಾರ್ಯನಿರ್ವಾಹಕರು: ಒಬ್ಬ ಫ್ರೆಂಚ್, ಒಬ್ಬ ಜರ್ಮನ್. ಇಂಥ ಸಂಸ್ಥೆಯಲ್ಲಿ ಹ್ಯಾಂಬರ್ಗ್‌ನ ಎಂಜಿನಿಯರ್ ಒಬ್ಬ ತಪ್ಪನ್ನು ಹೇಳಿಕೊಂಡರೆ ಅದು ಒಬ್ಬನ ತಪ್ಪಾಗಿ ಉಳಿಯುವುದಿಲ್ಲ. ಅದು ಜರ್ಮನ್ ಪಾಲಿನ ತಪ್ಪಾಗಿ, ಮುಂದಿನ ಯೋಜನೆಯಲ್ಲಿ ಹ್ಯಾಂಬರ್ಗ್‌ಗೆ ಸಿಗಬೇಕಾದ ಕೆಲಸಕ್ಕೇ ಕುತ್ತಾಗಿ ಬೆಳೆಯಬಹುದು. ಎ380ರ ಸೋಲಿಗೆ ನಾನು ಸಾಫ್ಟ್‌ವೇರ್ ಆವೃತ್ತಿಗಿಂತ ಇದನ್ನೇ ಹೆಚ್ಚಿನ ಕಾರಣವೆಂದು ಎಣಿಸುತ್ತೇನೆ. ಸಾಫ್ಟ್‌ವೇರಿನ ವಿವರಣೆ ಸಾಲದು ಎನ್ನಲು ಇನ್ನೂ ಬಲವಾದ ಸಾಕ್ಷ್ಯ ಅಟ್ಲಾಂಟಿಕ್‌ನ ಆಚೆ ದಡದಲ್ಲಿದೆ. ಅದಕ್ಕೆ ಬರುವ ಮುನ್ನ ಸಮಾನ ಗುರಿ ಎಂಬ ಕಲ್ಪನೆಗೆ ಇಷ್ಟು ಮನ್ನಣೆ ಎಲ್ಲಿಂದ ಬಂತೆಂದು ನೋಡಬೇಕು.

ಅದರ ಒಂದು ಬೇರು ಮನಶ್ಶಾಸ್ತ್ರಜ್ಞ ಮುಜಫರ್ ಶೆರಿಫ್ ಮತ್ತು ಸಂಗಡಿಗರು 1954ರ ಬೇಸಿಗೆಯಲ್ಲಿ ಅಮೆರಿಕದ ಒಕ್ಲಹೋಮದ ರಾಬರ್ಸ್ ಕೇವ್ ಎಂಬಲ್ಲಿ ನಡೆಸಿದ ಪ್ರಯೋಗದಲ್ಲಿದೆ. ಹನ್ನೊಂದು ಹನ್ನೆರಡರ ವಯಸ್ಸಿನ 22 ಹುಡುಗರನ್ನು ಎರಡು ಗುಂಪು ಮಾಡಿದರು. ಪೈಪೋಟಿಯ ಆಟಗಳಿಂದ ಅವರ ನಡುವೆ ಹಗೆ ಬೆಳೆಯಿತು. ಒಟ್ಟಿಗೆ ಕೂರಿಸಿ ಊಟ ಹಾಕಿದರೂ ಸಿನಿಮಾ ತೋರಿಸಿದರೂ ಅದು ಕರಗಲಿಲ್ಲ. ಆಮೇಲೆ ಶಿಬಿರಕ್ಕೆ ನೀರು ನಿಂತುಹೋದಂತೆ, ಊಟ ತರಬೇಕಾದ ಲಾರಿ ಕೆಟ್ಟುನಿಂತಂತೆ ಸನ್ನಿವೇಶ ಹೂಡಿದಾಗ ಎರಡೂ ಗುಂಪುಗಳು ಸೇರಿ ಹಗ್ಗ ಹಿಡಿದು ಲಾರಿ ಎಳೆದವು. ಇಂಥ ಕೆಲವು ಸಂದರ್ಭಗಳ ನಂತರ ಹಗೆ ಇಳಿಯಿತು. ಒಂದು ಗುಂಪಿನಿಂದ ಮಾತ್ರ ಸಾಧಿಸಲಾಗದ, ಇಬ್ಬರಿಗೂ ಬೇಕಾದ ಗುರಿ ಇದ್ದರೆ ಗುಂಪುಗಳು ಒಂದಾಗುತ್ತವೆ ಎಂಬ ಈ ನಿರ್ಣಯ ನಿರ್ವಹಣಾ ಶಾಸ್ತ್ರಕ್ಕೆ ಬಂದು ನೆಲೆಯಾಯಿತು.

ಪ್ರಯೋಗದ ನೀತಿಯ ಬಗ್ಗೆ ಆಕ್ಷೇಪಗಳಿವೆ, ಅವು ಸರಿಯಾದವೇ. ಇಲ್ಲಿ ನಮಗೆ ಮುಖ್ಯವಾದದ್ದು ಇನ್ನೊಂದು. ಲಾರಿ ಎಳೆದ ಹುಡುಗರಿಗೆ ಗುರಿಯಷ್ಟೇ ಅಲ್ಲ, ಅಡ್ಡಿಯೂ ಕಣ್ಣೆದುರಿಗಿತ್ತು. ನಮ್ಮ ಜಾತ್ರೆಗಳಲ್ಲಿ ತೇರು ಎಳೆಯುವಾಗ ಆಗುವುದೂ ಇದೇ: ಗಾಲಿ ಸಿಕ್ಕಿಕೊಂಡರೆ ಮಿಣಿ ಹಿಡಿದ ಪ್ರತಿಯೊಬ್ಬರ ಅಂಗೈಗೂ ಅದೇ ಕ್ಷಣ ಗೊತ್ತಾಗುತ್ತದೆ. ದೊಡ್ಡ ಕಂಪನಿಯಲ್ಲಿ ಹಾಗಾಗುವುದಿಲ್ಲ. ವೈರು ಗಿಡ್ಡವಾದದ್ದು ತುಲೂಸ್‌ಗೆ ಕಾಣುತ್ತದೆ, ಗಿಡ್ಡವಾಗಲು ಕಾರಣವಾದ ನಕ್ಷೆ ಹ್ಯಾಂಬರ್ಗ್‌ನಲ್ಲಿದೆ, ಹೊಸ ಪರದೆ ಕೇಳಿದ ಗ್ರಾಹಕನ ಪತ್ರ ಮಾರಾಟ ವಿಭಾಗದ ಕಡತದಲ್ಲಿದೆ. ಗುರಿ ಎಲ್ಲರದೂ ಹೌದು, ಅಡ್ಡಿ ಮಾತ್ರ ಚೂರುಚೂರಾಗಿ ಹಂಚಿಹೋಗಿದೆ. ಶೆರಿಫ್ ಅವರ ನಿರ್ಣಯವನ್ನು ಕಾರ್ಖಾನೆಗೆ ತಂದವರು ಈ ವ್ಯತ್ಯಾಸವನ್ನು ಗಮನಿಸಲಿಲ್ಲ.

ಗಮನಿಸಿದವರೂ ಇದ್ದರು. ಹಾರ್ವರ್ಡ್‌ನ ಪಾಲ್ ಲಾರೆನ್ಸ್ ಮತ್ತು ಜೇ ಲಾರ್ಶ್ 1967ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಓದಬೇಕಾದದ್ದು. ಪ್ಲಾಸ್ಟಿಕ್, ಆಹಾರ, ಡಬ್ಬಿ ತಯಾರಿಕೆ ಎಂಬ ಮೂರು ಉದ್ಯಮಗಳ ಕಂಪನಿಗಳನ್ನು ಅವರು ಹೋಲಿಸಿದರು. ಸಂಶೋಧನಾ ವಿಭಾಗದವರು ವರ್ಷಗಳ ಲೆಕ್ಕದಲ್ಲಿ ಯೋಚಿಸುತ್ತಾರೆ, ಉತ್ಪಾದನೆಯವರು ಈ ಪಾಳಿಯ ಲೆಕ್ಕದಲ್ಲಿ, ಮಾರಾಟದವರು ಗ್ರಾಹಕನ ಮುಂದಿನ ಫೋನ್ ಕರೆಯ ಲೆಕ್ಕದಲ್ಲಿ. ಈ ಭಿನ್ನತೆಯನ್ನು ಅಳಿಸಬೇಕೆಂದು ಅವರು ಹೇಳಲಿಲ್ಲ. ವೇಗವಾಗಿ ಬದಲಾಗುತ್ತಿದ್ದ ಪ್ಲಾಸ್ಟಿಕ್ ಉದ್ಯಮದಲ್ಲಿ ಚೆನ್ನಾಗಿ ನಡೆಯುತ್ತಿದ್ದ ಕಂಪನಿಗಳಲ್ಲಿ ವಿಭಾಗಗಳ ನಡುವಿನ ಭಿನ್ನತೆ ಹೆಚ್ಚಾಗಿತ್ತು, ಹೊಂದಾಣಿಕೆಯೂ ಹೆಚ್ಚಾಗಿತ್ತು. ಅದು ಸಾಧ್ಯವಾದದ್ದು ಭಿನ್ನಾಭಿಪ್ರಾಯವನ್ನು ಸವರಿ ಮುಚ್ಚದೆ, ಮೇಲಧಿಕಾರಿಯ ಹುಕುಮಿನಿಂದ ತುಳಿಯದೆ, ಮುಖಾಮುಖಿ ಕೂತು ಮಾತಾಡಿ ಬಗೆಹರಿಸುತ್ತಿದ್ದುದರಿಂದ. ವಿಭಾಗಗಳ ನಡುವೆ ಓಡಾಡಿ ಹೊಂದಿಸುವವರಿಗೆ ಅಲ್ಲಿ ಗೌರವವಿತ್ತು. ಆ ಗೌರವ ಕುರ್ಚಿಯಿಂದ ಬಂದದ್ದಲ್ಲ, ಎರಡೂ ಕಡೆಯ ಕೆಲಸ ಬಲ್ಲವರು ಎಂಬುದರಿಂದ ಬಂದದ್ದು. ಸಾಮರಸ್ಯವನ್ನೇ ಹೊಂದಾಣಿಕೆ ಎಂದು ತಿಳಿಯುವ ನಮ್ಮ ಅಭ್ಯಾಸಕ್ಕೆ ಈ ಅಧ್ಯಯನ ಒಳ್ಳೆಯ ಮದ್ದು.

ಈಗ ಸಿಯಾಟಲ್ ಕಡೆಗೆ. ಬೋಯಿಂಗ್ ತನ್ನ 777 ವಿಮಾನವನ್ನು 1990ರ ಅಕ್ಟೋಬರ್‌ನಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ ಬೇಡಿಕೆಯೊಂದಿಗೆ ಆರಂಭಿಸಿತು. ಒಪ್ಪಂದದ ಹೊತ್ತಿಗೆ ಎರಡೂ ಕಂಪನಿಯವರು ಕೈಬರಹದ ಒಂದೇ ಪುಟದಲ್ಲಿ ಗುರಿಗಳನ್ನು ಬರೆದು ಸಹಿ ಹಾಕಿದರು. ಸಮಾನ ಗುರಿಯ ಪ್ರತಿಪಾದಕರು ಆ ಪುಟವನ್ನು ಮತ್ತೆ ಮತ್ತೆ ನೆನೆಯುತ್ತಾರೆ. ಅದರ ನಂತರ ನಡೆದದ್ದು ಅದಕ್ಕಿಂತ ಹೆಚ್ಚಿನ ಗಮನಕ್ಕೆ ಯೋಗ್ಯ.

ಅದಕ್ಕೆ ಮುಂಚೆ ಬೋಯಿಂಗ್‌ನಲ್ಲಿ ವಿನ್ಯಾಸಕಾರರು ನಕ್ಷೆ ಮುಗಿಸಿ ತಯಾರಿಕೆಯವರಿಗೆ ಒಪ್ಪಿಸುತ್ತಿದ್ದರು. ಪೈಪು ಹೋಗುವ ಜಾಗದಲ್ಲಿ ತೊಲೆ ಇದೆ ಎಂಬುದು ಪೂರ್ಣ ಗಾತ್ರದ ಮಾದರಿ ಕಟ್ಟಿದಾಗಲೋ, ಇನ್ನೂ ತಡವಾಗಿ ನಿಜವಾದ ವಿಮಾನ ಕಟ್ಟುವಾಗಲೋ ತಿಳಿಯುತ್ತಿತ್ತು. 777ಕ್ಕಾಗಿ ಅವರು 238 ತಂಡಗಳನ್ನು ರಚಿಸಿದರು. ಪ್ರತಿ ತಂಡದಲ್ಲೂ ವಿನ್ಯಾಸ, ತಯಾರಿಕೆ, ಉಪಕರಣ, ಖರೀದಿ ಹೀಗೆ ಬೇರೆ ಬೇರೆ ವಿಭಾಗದವರು ಒಟ್ಟಿಗೆ ಕೂರುತ್ತಿದ್ದರು. ವಿಮಾನಯಾನ ಸಂಸ್ಥೆಗಳ ಪ್ರತಿನಿಧಿಗಳೂ ಇದ್ದರು. ಇಂಧನ ತುಂಬುವ ಫಲಕ ನಮ್ಮ ಟ್ಯಾಂಕರ್ ಗಾಡಿಯ ಎತ್ತರಕ್ಕೆ ಸಿಗುವುದಿಲ್ಲ ಎಂದು ಹೇಳಿದ್ದು ಅಂಥ ಹೊರಗಿನವರು. ನಕ್ಷೆಯ ಹಂತದಲ್ಲೇ ತಿಳಿದದ್ದರಿಂದ ಗೆರೆ ಬದಲಿಸಿದರೆ ಸಾಕಾಯಿತು. ವಿಮಾನ ತಯಾರಾದ ಮೇಲೆ ತಿಳಿದಿದ್ದರೆ ರೆಕ್ಕೆಯನ್ನೇ ಬಿಚ್ಚಬೇಕಾಗುತ್ತಿತ್ತು.

ಅವರು ಬಳಸಿದ ಸಾಫ್ಟ್‌ವೇರ್ ಯಾವುದು? ಅದೇ ಕಟಿಯಾ, ಫ್ರಾನ್ಸಿನ ದಸೋ ಸಿಸ್ಟಮ್ಸ್ ಮಾಡಿದ್ದು. ಸುಮಾರು 30 ಲಕ್ಷ ಬಿಡಿಭಾಗಗಳ ವಿಮಾನವನ್ನು ಪೂರ್ತಿ ಕಂಪ್ಯೂಟರಿನಲ್ಲಿ ಜೋಡಿಸಿ ನೋಡಿದರು. ಖಾತ್ರಿಗಾಗಿ ಮೂತಿಯ ಭಾಗದ ಒಂದು ಮಾದರಿ ಕಟ್ಟಿದ್ದು ಚೆನ್ನಾಗಿ ಹೊಂದಿದ್ದರಿಂದ ಉಳಿದವನ್ನು ಕೈಬಿಟ್ಟರು. ಎರಡು ಭಾಗಗಳು ಒಂದೇ ಜಾಗಕ್ಕೆ ಬಂದರೆ ಪರದೆಯ ಮೇಲೆ ಇಬ್ಬರಿಗೂ ಕಾಣುತ್ತಿತ್ತು, ಇಬ್ಬರೂ ಕೂತು ಯಾರು ಸರಿಯಬೇಕೆಂದು ತೀರ್ಮಾನಿಸಬೇಕಿತ್ತು. ಹಂಚಿಹೋಗಿದ್ದ ಅಡ್ಡಿಯನ್ನು ಮತ್ತೆ ಎಲ್ಲರ ಕಣ್ಣೆದುರಿಗೆ ತರುವ ಏರ್ಪಾಡು ಇದು. ವಿಮಾನ 1994ರ ಜೂನ್ 12ರಂದು ಹಾರಿತು, 1995ರ ಜೂನ್ 7ರಂದು ಯುನೈಟೆಡ್‌ನ ಸೇವೆಗೆ ಸೇರಿತು.

ಇಲ್ಲಿಗೆ ನಿಲ್ಲಿಸಿದರೆ, ಒಂದೇ ಆವೃತ್ತಿಯ ಸಾಫ್ಟ್‌ವೇರ್ ಇದ್ದವರು ಗೆದ್ದರು, ಎರಡಿದ್ದವರು ಸೋತರು ಎಂಬ ಸರಳ ತೀರ್ಪು ಸಿಗುತ್ತದೆ. ಅದನ್ನು ಮುರಿಯುವುದು ಬೋಯಿಂಗ್‌ನದೇ ಮುಂದಿನ ವಿಮಾನ, 787. 2004ರಲ್ಲಿ ಜಪಾನಿನ ಎಎನ್‌ಎ ಸಂಸ್ಥೆಯ 50 ವಿಮಾನಗಳ ಬೇಡಿಕೆಯೊಂದಿಗೆ ಆರಂಭವಾದ ಈ ಯೋಜನೆಯಲ್ಲಿ ಪಾಲುದಾರರೆಲ್ಲರೂ ಕಟಿಯಾದ ಐದನೇ ಆವೃತ್ತಿಯನ್ನೇ ಬಳಸಬೇಕೆಂದು ಬೋಯಿಂಗ್ ಕಟ್ಟುನಿಟ್ಟು ಮಾಡಿತ್ತು. ಎ380ರಲ್ಲಿ ಇಲ್ಲದ್ದು ಇಲ್ಲಿ ಇತ್ತು. ಆದರೂ 2008ರ ಮೇ ತಿಂಗಳಿಗೆ ಕೊಡಬೇಕಿದ್ದ ಮೊದಲ ವಿಮಾನವನ್ನು ಕೊಟ್ಟದ್ದು 2011ರ ಸೆಪ್ಟೆಂಬರ್‌ನಲ್ಲಿ, ಮೂರು ವರ್ಷಕ್ಕೂ ಮೀರಿದ ವಿಳಂಬದ ನಂತರ. 2007ರ ಜುಲೈ 8ರಂದು ಸಾವಿರಾರು ಜನರ ಮುಂದೆ ಹೊರಗೆ ತಂದ ಮೊದಲ 787 ಹೆಚ್ಚುಕಡಿಮೆ ಬರೀ ಚಿಪ್ಪು. ಸರಿಯಾದ ಬೋಲ್ಟುಗಳು ಸಿಗದೆ ತಾತ್ಕಾಲಿಕ ಬೋಲ್ಟುಗಳಿಂದ ಅದನ್ನು ಹಿಡಿದು ನಿಲ್ಲಿಸಲಾಗಿತ್ತು.

ರೆಕ್ಕೆ ಜಪಾನಿನಿಂದ, ಒಡಲಿನ ನಡುಭಾಗ ಇಟಲಿಯಿಂದ, ಹಿಂಭಾಗ ದಕ್ಷಿಣ ಕ್ಯಾರೊಲೈನಾದಿಂದ, ಮುಂಭಾಗ ಕಾನ್ಸಾಸ್‌ನಿಂದ ಬರುತ್ತಿತ್ತು. ಹೊರಗಿನ ಪಾಲುದಾರರು ತಮ್ಮ ಭಾಗವನ್ನು ವಿನ್ಯಾಸ ಮಾಡಿ, ಒಳಗಿನ ವೈರು ಪೈಪುಗಳ ಸಮೇತ ಪೂರ್ತಿಮಾಡಿ ಕಳಿಸಬೇಕು, ಬೋಯಿಂಗ್ ಜೋಡಿಸಿದರೆ ಮುಗಿಯಿತು ಎಂಬುದು ಯೋಜನೆ. ನಷ್ಟ-ಲಾಭ ಹಂಚಿಕೊಂಡರೆ ಎಲ್ಲರ ಗುರಿಯೂ ಒಂದಾಗುತ್ತದೆಂಬ ನಂಬಿಕೆಯಿಂದ, ವಿಮಾನ ಸಿದ್ಧವಾಗಿ ಪ್ರಮಾಣಪತ್ರ ಪಡೆದು ಗ್ರಾಹಕನ ಕೈಸೇರುವವರೆಗೆ ಪಾಲುದಾರರಿಗೆ ಹಣವಿಲ್ಲ ಎಂದು ಒಪ್ಪಂದ ಮಾಡಿಕೊಂಡರು. ಕ್ರಿಸ್ಟೋಫರ್ ಟ್ಯಾಂಗ್ ಮತ್ತು ಜೋಶುವಾ ಜಿಮರ್‌ಮನ್ 2009ರಲ್ಲಿ ಬರೆದ ಲೇಖನ ಈ ಏರ್ಪಾಡನ್ನು ಚೆನ್ನಾಗಿ ಬಿಡಿಸಿ ತೋರಿಸುತ್ತದೆ. ಎಲ್ಲರ ಹಣವೂ ಅತಿ ನಿಧಾನದವನ ಮೇಲೆ ನಿಂತಾಗ, ತನ್ನ ಭಾಗ ಮೊದಲು ಮುಗಿಸಿದವನಿಗೆ ಲಾಭವಿಲ್ಲ. ತಡವಾದವನಿಗೆ ತಾನು ತಡ ಎಂದು ಮೊದಲು ಹೇಳುವ ಕಾರಣವೂ ಇಲ್ಲ. ಇನ್ನೊಬ್ಬ ಹೇಗೂ ತಡ ಮಾಡುತ್ತಾನೆ, ಅವನೇ ಹೇಳಲಿ ಎಂದು ಪ್ರತಿಯೊಬ್ಬನೂ ಕಾಯಬಹುದು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಪ್ರಶ್ನೆಗೆ ಒಪ್ಪಂದದಲ್ಲಿ ಉತ್ತರವಿರಲಿಲ್ಲ.

ಅದೇ ಲೇಖನದ ಇನ್ನೊಂದು ಅಂಶ ನನ್ನ ವಾದಕ್ಕೆ ನೇರವಾಗಿ ಸಂಬಂಧಿಸಿದೆ. ಸರಬರಾಜುದಾರರ ಸ್ಥಿತಿಗತಿ ಎಲ್ಲರಿಗೂ ಕಾಣಲೆಂದು ಬೋಯಿಂಗ್ ಎಕ್ಸೊಸ್ಟಾರ್ ಎಂಬ ಕಂಪ್ಯೂಟರ್ ವ್ಯವಸ್ಥೆ ತಂದಿತ್ತು. ಅದು ನಡೆಯಬೇಕಾದರೆ ಪ್ರತಿಯೊಬ್ಬರೂ ತಮ್ಮ ಪ್ರಗತಿಯನ್ನು ಸರಿಯಾಗಿ, ಹೊತ್ತುಹೊತ್ತಿಗೆ ತುಂಬಬೇಕು. ಕೆಳಹಂತದ ಕೆಲವರು ಹಾಗೆ ತುಂಬಲಿಲ್ಲ. ಹೀಗಾಗಿ ಮೇಲಿನ ಪಾಲುದಾರರಿಗೂ ಬೋಯಿಂಗ್‌ಗೂ ವಿಳಂಬಗಳು ಹೊತ್ತಿಗೆ ಸರಿಯಾಗಿ ತಿಳಿಯಲಿಲ್ಲ. ಸಲಕರಣೆ ಇತ್ತು, ಗುರಿ ಇತ್ತು, ಲಾಭ-ನಷ್ಟದ ಪಾಲೂ ಇತ್ತು. ಸುದ್ದಿ ಮಾತ್ರ ದಾಟಲಿಲ್ಲ.

ಎಚ್ಚರಿಕೆಯನ್ನು ಯಾರೂ ಕೊಟ್ಟಿರಲಿಲ್ಲ ಎನ್ನುವಂತಿಲ್ಲ. ಬೋಯಿಂಗ್‌ನ ಹಿರಿಯ ಎಂಜಿನಿಯರ್ ಜಾನ್ ಹಾರ್ಟ್-ಸ್ಮಿತ್ 2001ರಲ್ಲೇ ಕಂಪನಿಯ ಒಳಗಿನ ತಾಂತ್ರಿಕ ಗೋಷ್ಠಿಯೊಂದರಲ್ಲಿ ಪ್ರಬಂಧ ಮಂಡಿಸಿ, ಕೆಲಸವನ್ನು ಮಿತಿಮೀರಿ ಹೊರಗೆ ಕೊಟ್ಟರೆ ಲಾಭವೂ ಹೊರಗೇ ಹೋಗುತ್ತದೆ, ಭಾಗಗಳು ಹೊಂದದಿದ್ದರೆ ಸರಿಪಡಿಸುವ ಖರ್ಚು ಮಾತ್ರ ಮನೆಗೆ ಬರುತ್ತದೆ ಎಂಬ ಅರ್ಥದ ಮಾತನ್ನು ಲೆಕ್ಕ ಸಮೇತ ಹೇಳಿದ್ದರು. ತಾಂತ್ರಿಕ ವಿಭಾಗದ ಈ ಕೆಟ್ಟ ಸುದ್ದಿ ಹಣಕಾಸಿನ ನಿರ್ಧಾರ ಮಾಡುವವರ ಕೋಣೆಯಲ್ಲಿ ತೂಕ ಪಡೆಯಲಿಲ್ಲ. 2009ರಲ್ಲಿ ಬೋಯಿಂಗ್ ಹಿಂಭಾಗ ತಯಾರಿಸುತ್ತಿದ್ದ ಚಾರ್ಲ್‌ಸ್ಟನ್ ಕಾರ್ಖಾನೆಯನ್ನು ಹಣ ಕೊಟ್ಟು ಕೊಂಡುಕೊಂಡಿತು. 777 ಕಟ್ಟಿದ ಕಂಪನಿಯೇ ಹತ್ತು ವರ್ಷಗಳಲ್ಲಿ ಆ ವಿದ್ಯೆಯನ್ನು ಬಿಟ್ಟುಕೊಟ್ಟಿತು ಎಂಬುದು ಈ ಅಧ್ಯಯನದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿ. ತಂಡಗಳು ಜೊತೆಗೂಡಿ ದುಡಿಯುವ ಕಲೆ ಕಂಪನಿಯ ಆಸ್ತಿಯಾಗಿ ತಿಜೋರಿಯಲ್ಲಿ ಉಳಿಯುವಂಥದ್ದಲ್ಲ. ಅದನ್ನು ನಡೆಸುವ ಜನ, ಅವರು ಕೂರುವ ಕೋಣೆ, ಅವರಿಗೆ ಸಿಗುವ ಹಣದ ಕ್ರಮ ಬದಲಾದರೆ ಅದೂ ಹೋಗುತ್ತದೆ.

777ರ ಎಂಜಿನಿಯರಿಂಗ್ ನಿರ್ದೇಶಕರಾಗಿದ್ದು ಮುಂದೆ ಆ ಯೋಜನೆಯ ಮುಖ್ಯಸ್ಥರಾದ ಅಲನ್ ಮುಲಾಲಿ 2006ರ ಸೆಪ್ಟೆಂಬರ್‌ನಲ್ಲಿ ಫೋರ್ಡ್ ಕಂಪನಿಯ ಹೊಣೆ ಹೊತ್ತರು. ಏರ್‌ಬಸ್ ನೆಲಕಚ್ಚಿದ್ದೂ ಅದೇ ವರ್ಷ. ಫೋರ್ಡ್ ಆ ವರ್ಷ 1,200 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ ಕಂಡಿತು. ಅಮೆರಿಕ, ಯುರೋಪು, ಏಷ್ಯಾದ ಶಾಖೆಗಳು ಬಹುಮಟ್ಟಿಗೆ ಬೇರೆ ಬೇರೆ ಕಾರುಗಳನ್ನು ಬೇರೆ ಬೇರೆಯಾಗಿ ವಿನ್ಯಾಸ ಮಾಡುತ್ತಿದ್ದವು. ಮುಲಾಲಿ ಪ್ರತಿ ಗುರುವಾರ ಎಲ್ಲ ವಿಭಾಗಗಳ ಮುಖ್ಯಸ್ಥರನ್ನೂ ಒಂದೇ ಕೋಣೆಯಲ್ಲಿ ಸೇರಿಸಿದರು. ಪ್ರತಿಯೊಬ್ಬರೂ ತಮ್ಮ ಕೆಲಸದ ಪಟ್ಟಿಗೆ ಬಣ್ಣ ಹಚ್ಚಿ ತರಬೇಕು: ಸರಿ ಇದ್ದರೆ ಹಸಿರು, ಅನುಮಾನವಿದ್ದರೆ ಹಳದಿ, ಕೆಟ್ಟಿದ್ದರೆ ಕೆಂಪು. ವಾರಗಟ್ಟಲೆ ಎಲ್ಲವೂ ಹಸಿರಾಗಿಯೇ ಬಂದವು. ಕೋಟ್ಯಂತರ ಡಾಲರ್ ಕಳೆದುಕೊಳ್ಳುತ್ತಿದ್ದ ಕಂಪನಿಯಲ್ಲಿ ಒಂದೂ ಕೆಟ್ಟ ಸುದ್ದಿ ಇಲ್ಲ!

ಕೊನೆಗೆ ಅಮೆರಿಕ ವಿಭಾಗದ ಮುಖ್ಯಸ್ಥ ಮಾರ್ಕ್ ಫೀಲ್ಡ್ಸ್ ಕೆನಡಾದ ಓಕ್‌ವಿಲ್‌ನಲ್ಲಿ ತಯಾರಾಗುತ್ತಿದ್ದ ಎಡ್ಜ್ ವಾಹನದ ಬಿಡುಗಡೆಯನ್ನು ದೋಷವೊಂದರ ಕಾರಣ ತಡೆಹಿಡಿದು, ಆ ಸಾಲಿಗೆ ಕೆಂಪು ಹಚ್ಚಿ ತಂದರು. ಕೋಣೆ ಸ್ತಬ್ಧವಾಯಿತು. ಅವರ ಕೆಲಸ ಹೋಯಿತೆಂದೇ ಕೆಲವರು ತಿಳಿದರು. ಮುಲಾಲಿ ಚಪ್ಪಾಳೆ ತಟ್ಟಿದರು, ಇದಕ್ಕೆ ಯಾರು ನೆರವಾಗಬಹುದೆಂದು ಕೇಳಿದರು. ಬೇರೆ ವಿಭಾಗದವರು ತಮಗೆ ಗೊತ್ತಿದ್ದ ಪರಿಹಾರವನ್ನೂ ಕಳಿಸಬಹುದಾದ ಎಂಜಿನಿಯರುಗಳನ್ನೂ ಅಲ್ಲೇ ಸೂಚಿಸಿದರು. ಮುಂದಿನ ವಾರಗಳಲ್ಲಿ ಪಟ್ಟಿಗಳಲ್ಲಿ ಕೆಂಪು, ಹಳದಿ ತುಂಬತೊಡಗಿದವು.

ಈ ಕಥೆಯನ್ನು ಓದುವಾಗ ಎಚ್ಚರ ಬೇಕು. ಇದು ಹೆಚ್ಚಾಗಿ ಮುಲಾಲಿ ಮತ್ತು ಅವರ ಸಹೋದ್ಯೋಗಿಗಳ ನೆನಪುಗಳಿಂದ, ಪತ್ರಕರ್ತ ಬ್ರೈಸ್ ಹಾಫ್‌ಮನ್ 2012ರಲ್ಲಿ ಬರೆದ ಪುಸ್ತಕದಿಂದ ನಮಗೆ ಬಂದಿದೆ. ಗೆದ್ದವರ ನೆನಪು ತಿರುವುಗಳನ್ನು ನಿಜಕ್ಕಿಂತ ಚೂಪಾಗಿ ಕೆತ್ತುತ್ತದೆ. ಫೋರ್ಡ್ ಉಳಿದದ್ದಕ್ಕೆ ಗುರುವಾರದ ಸಭೆಯೊಂದೇ ಕಾರಣವಲ್ಲ. 2006ರ ಕೊನೆಯಲ್ಲಿ ತನ್ನ ಆಸ್ತಿಯನ್ನೂ ಲಾಂಛನವನ್ನೂ ಅಡವಿಟ್ಟು 2,300 ಕೋಟಿ ಡಾಲರ್‌ಗೂ ಹೆಚ್ಚು ಸಾಲ ಎತ್ತಿದ್ದರಿಂದಲೇ 2009ರಲ್ಲಿ ಜನರಲ್ ಮೋಟಾರ್ಸ್, ಕ್ರೈಸ್ಲರ್ ದಿವಾಳಿ ಅರ್ಜಿ ಹಾಕಿದಾಗ ಅದು ಹಾಕಬೇಕಾಗಲಿಲ್ಲ. ಆದರೂ ಕಥೆಯ ಒಂದು ಅಂಶವನ್ನು ಚಪ್ಪಾಳೆಯ ನಾಟಕೀಯತೆಯಿಂದ ಬೇರ್ಪಡಿಸಿ ಇಟ್ಟುಕೊಳ್ಳಬಹುದು. ಗುರಿ ಆ ವಾರ ಬದಲಾಗಲಿಲ್ಲ, ಜನ ಬದಲಾಗಲಿಲ್ಲ, ಸಲಕರಣೆಯೂ ಬದಲಾಗಲಿಲ್ಲ. ಕೆಂಪು ತೋರಿಸಿದವನಿಗೆ ಏನಾಗುತ್ತದೆ ಎಂಬ ತಿಳಿವಳಿಕೆ ಒಂದೇ ಬದಲಾದದ್ದು. ಇಷ್ಟು ಸಣ್ಣ ಬದಲಾವಣೆಯಿಂದ ಅಷ್ಟು ಮಾಹಿತಿ ಹೊರಬಂತು ಎಂದರೆ, ಅದುವರೆಗೆ ಆ ಮಾಹಿತಿ ಎಲ್ಲೆಲ್ಲಿ ಕೂತಿತ್ತು ಎಂಬುದೇ ಕೇಳಬೇಕಾದ ಪ್ರಶ್ನೆ.

ಹಾಗಾದರೆ ಸಮಾನ ಗುರಿ ಬೇಡವೇ? ಬೇಕು. ಇಬ್ಬರು ಒಂದೇ ಜಾಗಕ್ಕೆ ಬಂದಾಗ ಯಾರು ಸರಿಯಬೇಕೆಂದು ತೀರ್ಮಾನಿಸಲು ಒಂದು ಅಳತೆ ಬೇಕು, ಗುರಿ ಆ ಅಳತೆ. 777ರ ಕೈಬರಹದ ಪುಟ ಅದಕ್ಕಾಗಿ ಉಪಯೋಗಕ್ಕೆ ಬಂತು. ಆದರೆ ತೀರ್ಮಾನಿಸುವ ಪ್ರಸಂಗವೇ ಬರದಂತೆ ಸುದ್ದಿ ಮುಚ್ಚಿಹೋದರೆ ಅಳತೆಗೋಲು ಮೂಲೆಯಲ್ಲಿ ಬಿದ್ದಿರುತ್ತದೆ. ನಾಲ್ಕು ಉದಾಹರಣೆಗಳಿಂದ ನಿಯಮ ಮಾಡಲಾಗದು ಎಂಬ ಆಕ್ಷೇಪವನ್ನೂ ನಾನು ಒಪ್ಪುತ್ತೇನೆ. ಇವುಗಳ ಮೌಲ್ಯ ಇರುವುದು ಒಂದೊಂದೂ ಇನ್ನೊಂದರ ಸುಲಭ ವಿವರಣೆಯನ್ನು ತಳ್ಳಿಹಾಕುವುದರಲ್ಲಿ: ಸಾಫ್ಟ್‌ವೇರ್ ಎಂದರೆ 787 ಎದುರು ನಿಲ್ಲುತ್ತದೆ, ಒಂದೇ ಕಂಪನಿಯಾದರೆ ಸಾಕು ಎಂದರೆ ಹಳೆಯ ಫೋರ್ಡ್ ಎದುರು ನಿಲ್ಲುತ್ತದೆ, ಹಣದ ಪಾಲು ಕೊಟ್ಟರೆ ಸರಿಹೋಗುತ್ತದೆ ಎಂದರೆ ಮತ್ತೆ 787.

ಬೆಂಗಳೂರಿಗೆ ಇದು ದೂರದ ವಿಷಯವಲ್ಲ. ಎ320 ವಿಮಾನಗಳ ಬಾಗಿಲುಗಳನ್ನು ಎಚ್‌ಎಎಲ್ ಇಲ್ಲಿ ವರ್ಷಗಳ ಕಾಲ ತಯಾರಿಸಿದೆ. ಏರ್‌ಬಸ್ 2007ರಲ್ಲಿ ಇಲ್ಲಿ ಎಂಜಿನಿಯರಿಂಗ್ ಕೇಂದ್ರ ತೆರೆಯಿತು. ಬೋಯಿಂಗ್‌ನ 43 ಎಕರೆಯ ಕೇಂದ್ರ ದೇವನಹಳ್ಳಿ ಬಳಿ 2024ರ ಜನವರಿಯಲ್ಲಿ ಉದ್ಘಾಟನೆಯಾಯಿತು. 2022ರ ಅಕ್ಟೋಬರ್ 30ರಿಂದ ದುಬೈನಿಂದ ಎ380 ವಿಮಾನವೇ ಕೆಂಪೇಗೌಡ ನಿಲ್ದಾಣಕ್ಕೆ ಬಂದಿಳಿಯತೊಡಗಿತು. ಇಂಥ ಕೇಂದ್ರಗಳಲ್ಲಿ ಕೂತ ನಮ್ಮ ಹುಡುಗ ಹುಡುಗಿಯರು ಮಾಡುವ ನಕ್ಷೆಯ ಇನ್ನರ್ಧ ಬೇರೆ ಖಂಡದಲ್ಲಿರುತ್ತದೆ. ಸಿಯಾಟಲ್‌ಗೂ ಇಲ್ಲಿಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಅಂತರ. ಇವರ ಬೆಳಗು ಅವರ ರಾತ್ರಿ, ದಿನಕ್ಕೊಂದು ಕರೆ ಸಿಕ್ಕರೆ ಹೆಚ್ಚು. ಆ ಕರೆಯಲ್ಲಿ ಹಿರಿಯರ ಮುಂದೆ, ದೂರದ ಕಚೇರಿಯ ಮುಂದೆ, ಆಗುತ್ತೆ ಸಾರ್ ಎಂದುಬಿಡುವುದು ಇಲ್ಲಿ ಬೆಳೆದ ಯಾರಿಗೂ ಅರ್ಥವಾಗುವ ಸಂಗತಿ. ಅದರ ಹಿಂದೆ ಮೋಸದ ಉದ್ದೇಶವಿಲ್ಲ, ಹೇಗಾದರೂ ಮಾಡಿ ಮುಗಿಸುತ್ತೇವೆಂಬ ನಿಷ್ಠೆಯೇ ಇದೆ. ಹ್ಯಾಂಬರ್ಗ್‌ನ ಕೆಲಸಗಾರರಿಗೂ ಇದ್ದದ್ದು ಅಂಥದ್ದೇ ನಿಷ್ಠೆ ಎಂದು ನಾನು ನಂಬುತ್ತೇನೆ. ಹಾಗಾಗಿ ಇಂಥ ಮೌನವನ್ನು ವ್ಯಕ್ತಿಯ ಗುಣದೋಷವೆಂದು ಬಗೆದು ಉಪದೇಶ ಮಾಡುವುದು ಅನ್ಯಾಯ. ಮಾತಾಡಿದವನಿಗೆ ಬೀಳುವ ಬೆಲೆಯನ್ನು ಇಳಿಸುವುದು ಮೇಲೆ ಕೂತವರ ಹೊಣೆ.

ಇದನ್ನು ಅಳೆಯಬಹುದು, ಅಳೆಯಲು ಹೊಸ ಪ್ರಶ್ನಾವಳಿ ಬೇಕಿಲ್ಲ. ಪ್ರತಿ ಎಂಜಿನಿಯರಿಂಗ್ ಕಂಪನಿಯಲ್ಲೂ ವಿನ್ಯಾಸ ಬದಲಾವಣೆಯ ಕೋರಿಕೆಗಳಿಗೆ ದಾಖಲೆ ಇರುತ್ತದೆ. ಅದರಿಂದ ಎರಡು ದಿನಾಂಕಗಳನ್ನು ಎತ್ತಿಕೊಂಡರೆ ಸಾಕು: ದೋಷ ಒಂದು ತಂಡದ ಯಾರಿಗಾದರೂ ಮೊದಲು ಕಂಡ ದಿನ, ಅದರಿಂದ ಕೆಲಸ ಕೆಡುವ ಇನ್ನೊಂದು ತಂಡಕ್ಕೆ ಅದು ಬರಹದಲ್ಲಿ ತಲುಪಿದ ದಿನ. ಮೊದಲ ದಿನಾಂಕ ಕೋರಿಕೆಯಲ್ಲಿ ನೇರವಾಗಿ ಸಿಗದಿದ್ದರೆ ಪರೀಕ್ಷಾ ವರದಿಗಳಲ್ಲಿ, ತಂಡದೊಳಗಿನ ಇ-ಮೇಲ್‌ಗಳಲ್ಲಿ ಹುಡುಕಬೇಕಾಗುತ್ತದೆ. ಒಂದೇ ಕಟ್ಟಡದ ಎರಡು ತಂಡಗಳ ನಡುವಿನ ಅಂತರ, ಒಂದೇ ಕಂಪನಿಯ ಎರಡು ದೇಶಗಳ ನಡುವಿನ ಅಂತರ, ಕಂಪನಿ ಮತ್ತು ಹೊರಗಿನ ಸರಬರಾಜುದಾರರ ನಡುವಿನ ಅಂತರ, ಈ ಮೂರನ್ನೂ ಬೇರೆ ಬೇರೆಯಾಗಿ ಲೆಕ್ಕಹಾಕಿ, ವಾರ್ಷಿಕ ಮೌಲ್ಯಮಾಪನ ಮತ್ತು ಬೋನಸ್ ಕಾಲದಲ್ಲಿ ಅವು ಹೇಗೆ ಹಿಗ್ಗುತ್ತವೆ ಎಂದು ನೋಡಬೇಕು. ಸರಾಸರಿಗಿಂತ ಅತಿ ತಡವಾದ ಹತ್ತಾರು ಪ್ರಕರಣಗಳನ್ನು ಒಂದೊಂದಾಗಿ ಓದುವುದು ಹೆಚ್ಚು ಫಲ ಕೊಡುತ್ತದೆ. ಬೆಂಗಳೂರಿನ ಎಂಜಿನಿಯರಿಂಗ್ ಕೇಂದ್ರಗಳಲ್ಲಿ ಇಂಥ ಅಧ್ಯಯನ ಮಾಡಲು ನಿರ್ವಹಣಾ ಶಾಸ್ತ್ರದ ವಿದ್ಯಾರ್ಥಿಗಳಿಗೆ ಕ್ಷೇತ್ರ ಮನೆಬಾಗಿಲಲ್ಲೇ ಇದೆ. ಕಂಪನಿಗಳು ಹೆಸರುಗಳನ್ನು ಅಳಿಸಿ ದಿನಾಂಕಗಳನ್ನಷ್ಟೆ ಕೊಟ್ಟರೂ ಕೆಲಸ ಶುರುಮಾಡಬಹುದು.